ಅಪ್‌ಡೇಟ್: ನಮ್ಮ ಲ್ಯಾಬ್ರಡಾರ್‌ನ ತೂಕ ಇಳಿದಿದೆ

ನಮ್ಮ ಆರು ವರ್ಷದ ಲ್ಯಾಬ್ರಡಾರ್ 42 ಕಿಲೋ ತೂಗುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ, ಏನು ಮಾಡಲಿ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಈಗ ಅವಳು 36 ಕಿಲೋ ಇದ್ದಾಳೆ.

ಥೈರಾಯ್ಡ್ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಪಶುವೈದ್ಯರು ವಾರಕ್ಕೆ ದೇಹತೂಕದ ಶೇ. 1ರಿಂದ 2ಕ್ಕಿಂತ ಹೆಚ್ಚು ಇಳಿಸಬಾರದೆಂದು ಎಚ್ಚರಿಸಿ, ಆಹಾರವನ್ನು ಅಂದಾಜಿನಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿಯೇ ಹಾಕಲು ಹೇಳಿದರು. ನಿಜವಾದ ಕಾರಣ, ಊಟಕ್ಕೆ ಕುಳಿತ ಪ್ರತಿಯೊಬ್ಬರೂ ಅಕ್ಕರೆಯಿಂದ ಹಾಕುತ್ತಿದ್ದ, ತುಪ್ಪ ಸವರಿದ ಜೋಳದ ರೊಟ್ಟಿಯ ಚೂರುಗಳು. ಅದನ್ನು ಬಿಡಿಸುವುದು ನಾಯಿಗಿಂತ ನಮ್ಮ ಅವ್ವನಿಗೇ ಕಷ್ಟವಾಯಿತು. ಈಗ ಅವರೇ ಸೌತೆಕಾಯಿ ಹೆಚ್ಚಿ ಕೊಡುತ್ತಾರೆ.

ರಾಯಚೂರಿನ ಬಿಸಿಲಿನಲ್ಲಿ ಡಾಂಬರು ರಸ್ತೆ ಅಂಗಾಲು ಸುಡುವುದರಿಂದ, ಬೆಳಗಿನ ಐದೂವರೆಗೇ ನಡೆಸುತ್ತೇನೆ. ನಿನ್ನೆ ಮೈ ಸವರುವಾಗ ಮೊದಲ ಬಾರಿಗೆ ಅವಳ ಪಕ್ಕೆಲುಬುಗಳು ಬೆರಳಿಗೆ ತಾಗಿದವು.