ಬಾಂಡ್ ಅಂದ ಕೂಡಲೇ ಹೆದರಬೇಡ ಕಾವ್ಯ

ಕಾವ್ಯ, ನಮ್ಮ ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ನೋಡಿದೆ ಕಣವ್ವ. ಮೈಸೂರಿನ ಕಂಪನಿಯವರು ಎರಡು ವರ್ಷದ ಬಾಂಡ್‌ಗೆ, ಅಂದರೆ ಅಷ್ಟು ದಿನ ಕೆಲಸ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅನ್ನುವ ಕಾಗದಕ್ಕೆ, ಸೈನ್ ಹಾಕು ಅಂದಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಬಾಂಡ್ ಅಂದರೆ ಸಂಕೋಲೆ, ಜೀತ ಅಂತೆಲ್ಲ ಬಂತು, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ನಿಮ್ಮಪ್ಪ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದಾನೆ. ನನ್ನ ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೆ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡ.

ನಿನಗೆ ಹಲಗೂರು ಮಾವ ಗೊತ್ತಲ್ಲ, ನನ್ನ ತಮ್ಮ. ಐಟಿಐ ಮುಗಿಸಿದವನೇ ಮೈಸೂರಲ್ಲೇ ಒಂದು ಕಾರ್ಖಾನೆಗೆ ಸೇರಿದ. ಸೇರುವ ದಿನ ಬಾಂಡ್ ಪೇಪರ್ ಮುಂದಿಟ್ಟರು. ಛಾಪಾ ಕಾಗದ, ಅದರ ಮೇಲೆ ಒಂದಕ್ಷರ ಇಲ್ಲ. ಆಮೇಲೆ ಟೈಪ್ ಮಾಡಿಸುತ್ತೇವೆ, ಕೆಳಗೆ ಸೈನ್ ಹಾಕು ಅಂದರು. ಹಾಕಿದ. ನಮ್ಮ ಬೀರುವಿನಲ್ಲಿ ಭದ್ರವಾಗಿರುತ್ತದೆ ಅಂತ ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಸ್ಕೊಂಡರು. ಮುಂದೆ ಇವನಿಗೆ ಸರ್ಕಾರಿ ಕೆಲಸದ ಕರೆ ಬಂತು, ಪರಿಶೀಲನೆಗೆ ಒರಿಜಿನಲ್ ತರಬೇಕು ಅಂತ. ಹೋಗಿ ಕೇಳಿದರೆ, ಐವತ್ತು ಸಾವಿರ ಕಟ್ಟಿ ತಗೊಂಡು ಹೋಗು ಅಂದರು. ಎಲ್ಲಿ ಬರೆದಿದೆ ಅಂದದ್ದಕ್ಕೆ ಅದೇ ಕಾಗದ ತೋರಿಸಿದರು. ಖಾಲಿ ಇದ್ದದ್ದು ಈಗ ತುಂಬಿತ್ತು. ಐದು ವರ್ಷ, ಐವತ್ತು ಸಾವಿರ, ಜಾಮೀನಿಗೆ ನಮ್ಮಪ್ಪನ ಹೆಸರು ಬೇರೆ!

ನಾನು ಸ್ಕೂಲಿಗೆ ರಜೆ ಹಾಕಿ ಅವನ ಜೊತೆ ಹೋದೆ. ಗೇಟ್ ಹತ್ತಿರವೇ ನಿಲ್ಲಿಸಿದರು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ, ನಾಡಿದ್ದು ಬನ್ನಿ. ಕಾರ್ಡ್ ಕೈಗೆ ಬರುವ ಹೊತ್ತಿಗೆ ಪರಿಶೀಲನೆಯ ದಿನ ಮುಗಿದೇ ಹೋಗಿತ್ತು. ಮಾವ ಇವತ್ತಿಗೂ ಮೋಟಾರ್ ರಿವೈಂಡಿಂಗ್ ಮಾಡಿಕೊಂಡಿದ್ದಾನೆ. ಅದಕ್ಕೇ ಹೇಳುತ್ತೇನೆ, ಖಾಲಿ ಕಾಗದಕ್ಕೆ ಸೈನ್ ಹಾಕಬೇಡ, ಒರಿಜಿನಲ್ ಯಾರ ಕೈಗೂ ಕೊಡಬೇಡ.

ಈಗ ನೀನು ಕೇಳಿದ ಪದ. ಇಂಗ್ಲಿಷ್ ಪಾಠ ಮಾಡುತ್ತಲೇ ತಲೆ ಬೆಳ್ಳಗಾದವಳು ನಾನು, ಸುಮ್ಮನೆ ಬಿಡುತ್ತೇನಾ. ಬಾಂಡ್ ಅನ್ನುವುದರಲ್ಲಿ ಎರಡು ಬೇರೆ ಬೇರೆ ಪದ ಸೇರಿಕೊಂಡಿವೆ. ಒಂದು ಕಟ್ಟುವುದಕ್ಕೆ ಸಂಬಂಧಪಟ್ಟದ್ದು. ಇಂಗ್ಲಿಷಿನ ಬೈಂಡ್, ಬ್ಯಾಂಡ್, ಬಾಂಡ್, ನಮ್ಮ ಬಂಧನ, ಬಂಧು, ಎಲ್ಲ ಒಂದೇ ಬೇರಿನವು. ಮೊದಲು ಅದರ ಅರ್ಥ ಹಗ್ಗ, ಸಂಕೋಲೆ. ಆಮೇಲೆ ಕೊಟ್ಟ ಮಾತಿಗೆ ಕಟ್ಟುಬೀಳುವ ಕಾಗದಕ್ಕೂ ಅದೇ ಹೆಸರಾಯಿತು. ಅಂಥ ಪತ್ರಕ್ಕೆ ಬಳಸುತ್ತಿದ್ದ ಗಟ್ಟಿ ಕಾಗದ ಬಾಂಡ್ ಪೇಪರ್. ನೀನು ಪ್ರಾಜೆಕ್ಟ್ ರಿಪೋರ್ಟ್‌ಗೆ ಬಾಂಡ್ ಶೀಟ್ ತಂದಿದ್ದೆಯಲ್ಲ, ಅದೂ ಇದೇ. ಕೆಮಿಸ್ಟ್ರಿಯ ಬಾಂಡ್‌ಗೆ ನಮ್ಮ ಕನ್ನಡ ಮೀಡಿಯಂ ಪುಸ್ತಕದಲ್ಲಿ ಬಂಧ ಅಂತಲೇ ಇದೆ. ನಿನ್ನ ತಂಗಿಗೆ ಭಾಗ್ಯಲಕ್ಷ್ಮಿ ಬಾಂಡ್ ಬಂದಿತ್ತು. 2006ರಲ್ಲಿ ಶುರುವಾದ ಯೋಜನೆ ಅದು, ಹುಡುಗಿಗೆ 18 ತುಂಬಿದ ಮೇಲೆ ದುಡ್ಡು ಕೊಡುತ್ತೇವೆ ಅಂತ. ಅಲ್ಲಿ ಕಟ್ಟುಬಿದ್ದದ್ದು ಸರ್ಕಾರ. ನಿನ್ನ ಕಾಗದದಲ್ಲಿ ಕಟ್ಟುಬೀಳುವವಳು ನೀನು, ಅಷ್ಟೇ ವ್ಯತ್ಯಾಸ.

ಇನ್ನೊಂದು ಬಾಂಡ್ ಇದೆ, ಅದರ ಕಥೆಯೇ ಬೇರೆ. ಹಳೇ ನಾರ್ವೆ, ಡೆನ್ಮಾರ್ಕ್ ಕಡೆಯವರ ಮಾತಿನಲ್ಲಿ ಬೋಂಡಿ ಅಂದರೆ ಸ್ವಂತ ಮನೆ, ಹೊಲ ಇರುವ ಬೇಸಾಯಗಾರ. ಹಸ್ಬೆಂಡ್ ಅನ್ನುವ ಪದದ ಬಾಲದಲ್ಲಿ ಇರುವವನೂ ಅವನೇ, ಮನೆಯ ಯಜಮಾನ. ಸಿನಿಮಾದ ಜೇಮ್ಸ್ ಬಾಂಡ್ ಇದ್ದಾನಲ್ಲ, ಆ ಬಾಂಡ್ ಅನ್ನುವ ಮನೆತನದ ಹೆಸರೂ ಇದರಿಂದಲೇ ಬಂದದ್ದು. ನಮ್ಮ ಮಂಡ್ಯದ ಲೆಕ್ಕದಲ್ಲಿ ಜೇಮ್ಸ್ ಗೌಡ. ನಗಬೇಡ, ನಿಜ. ಆ ಪದ ಇಂಗ್ಲೆಂಡಿಗೂ ಬಂದಿತ್ತು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಅಲ್ಲಿನ ಈ ಬೇಸಾಯಗಾರರು ಜಮೀನ್ದಾರರ ಕೈಕೆಳಗೆ ಬಿದ್ದು ಆಳುಗಳಾದರು. ಅವರ ಜೊತೆಗೆ ಪದದ ಮಾನವೂ ಇಳಿಯಿತು. ಬಾಂಡೇಜ್, ಅಂದರೆ ದಾಸ್ಯ, ಅನ್ನುವ ಪದ ಹುಟ್ಟಿದ್ದು ಅಲ್ಲಿಂದ. ಕಟ್ಟುವ ಬಾಂಡ್ ಜೊತೆ ಬೆರೆತು, ಈಗ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ. ನೀನು ಹೆದರಿದ್ದೂ ಅದಕ್ಕೇ.

ಬೇಸಾಯಗಾರ ಆಳಾಗುವುದು ಇಂಗ್ಲೆಂಡಿನಲ್ಲಿ ಮಾತ್ರವೇ? ಸಕ್ಕರೆ ಕಾರ್ಖಾನೆಯವರ ಜೊತೆ ನಿಮ್ಮ ದೊಡ್ಡಪ್ಪನ ಕಬ್ಬಿನ ಒಪ್ಪಂದ ನೋಡು. ಬೇರೆ ಕಡೆ ಕಬ್ಬು ಕೊಡಬಾರದು ಅಂತ ನಮ್ಮ ಕೈ ಕಟ್ಟುತ್ತಾರೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮಗೆ ಬಡ್ಡಿ ಹಾಳಾಗಲಿ, ಅಸಲು ಬರುವಷ್ಟರಲ್ಲಿ ಮುಂದಿನ ನಾಟಿಯೇ ಮುಗಿದಿತ್ತು. ಸೊಸೈಟಿ ಸಾಲಕ್ಕೆ ನನ್ನ ಬಳೆ ಅಡ ಇಟ್ಟೆವು. ನಿಮ್ಮ ದೊಡ್ಡಪ್ಪ ಬಾಯಿ ಬಿಟ್ಟು ಕೇಳಿದವರಲ್ಲ. ನಾನು ಕೇಳಲು ಹೋದರೆ, ಟೀಚರಮ್ಮ ನಿಮಗ್ಯಾಕೆ ಇದೆಲ್ಲ ಅಂದರು. ಈ ಗ್ರೂಪ್‌ನಲ್ಲಿ ಆಗ ಹೇಳಿಕೊಂಡೆ. ಒಬ್ಬರಾದರೂ ಮಾತಾಡಿದಿರಾ? ಎಲ್ಲ ಶುಭೋದಯದ ಹೂವು ಕಳಿಸಿದಿರಿ. ಇರಲಿ, ಆಡಿಸಬೇಡಿ ನನ್ನ ಬಾಯಿ.

ಏನು ಹೇಳುತ್ತಿದ್ದೆ? ಹಾಂ, ಖಾಲಿ ಕಾಗದ. ಕಾವ್ಯ, ಮತ್ತೆ ಹೇಳುತ್ತೇನೆ, ಖಾಲಿ ಕಾಗದಕ್ಕೆ ಸೈನ್ ಬೇಡವೇ ಬೇಡ, ಒರಿಜಿನಲ್ ಕೊಡಲೇಬೇಡ. ನೋಡಬೇಕು ಅಂದರೆ ತೋರಿಸಿ ವಾಪಸ್ ತಾ, ಅವರಿಗೆ ಜೆರಾಕ್ಸ್ ಸಾಕು.

ಬಾಂಡ್ ಬರೆಸಿಕೊಳ್ಳುವುದೇ ತಪ್ಪು ಅಂತಿಲ್ಲ. ಸರ್ಕಾರಿ ಬ್ಯಾಂಕ್ ಒಂದರ ಮೂರು ವರ್ಷದ, ಎರಡು ಲಕ್ಷದ ಬಾಂಡನ್ನು 2025ರಲ್ಲಿ ಸುಪ್ರೀಂ ಕೋರ್ಟೇ ಸರಿ ಅಂದಿದೆ. ಆದರೆ ಜೀತ ಬೇರೆ, ಅದು 1976ರ ಕಾಯ್ದೆಯಲ್ಲಿ ಅಪರಾಧ. ಬಾಂಡ್ ಇದ್ದರೂ ನಿನ್ನನ್ನು ಕೂಡಿಹಾಕಿ ದುಡಿಸುವ ಹಾಗಿಲ್ಲ, ಬಿಟ್ಟು ಹೋದರೆ ದುಡ್ಡು ಕೇಳಬಹುದು ಅಷ್ಟೇ. ಅದೂ ಬರೆದಷ್ಟೂ ಅವರಿಗೆ ಸಿಕ್ಕೇಬಿಡುತ್ತದೆ ಅಂತಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ, ಅದರೊಳಗೆ ನ್ಯಾಯವಾದದ್ದು ಎಷ್ಟು ಅಂತ ಕೋರ್ಟ್ ನೋಡುತ್ತದೆ. ಕೆಲಸ ಬಿಟ್ಟ ಮೇಲೂ ಇಂಥ ಕಡೆ ಸೇರಬಾರದು ಅಂತ ಬರೆದಿದ್ದರೆ, ಅದು 27ನೇ ಕಲಂ ಮುಂದೆ ನಿಲ್ಲುವುದಿಲ್ಲ.

ಸೈನ್ ಹಾಕುವ ಮುಂಚೆ ಎಷ್ಟು ವರ್ಷ, ಎಷ್ಟು ದುಡ್ಡು ಅಂತ ನೋಡು. ಅವರೇ ನಿನ್ನನ್ನು ಬಿಡಿಸಿದರೆ ಏನು ಅಂತಲೂ ನೋಡು. ಪ್ರತಿ ಹಾಳೆಗೂ ಅವರ ಸೈನ್ ಇರಲಿ, ಒಂದು ಪ್ರತಿ ಕೈಗೆ ತಗೋ. ನಿಮ್ಮಪ್ಪನಿಂದ ಜಾಮೀನು ಸೈನ್ ಕೇಳಿದರೆ ನನಗೆ ಫೋನ್ ಮಾಡು. ಕಾಗದದ ಫೋಟೊ ನನಗೆ ಬೇರೆಯಾಗಿ ಕಳಿಸು, ಗ್ರೂಪ್‌ಗೆ ಹಾಕಬೇಡ. ನಾಳೆ ಬೆಳಗ್ಗೆಯಿಂದ ಇಲ್ಲಿ ಕರೆಂಟ್ ಇರುವುದಿಲ್ಲವಂತೆ, ಇವತ್ತು ರಾತ್ರಿಯೇ ಕಳಿಸಿಬಿಡು.