ಮೂರು ವರ್ಷ ಪ್ಯಾಚ್ ಕಾಣದ ಡೇಟಾಬೇಸ್ ಸರ್ವರ್: ಕೈ ಹಾಕಿದವರು ಅನುಭವ ಹೇಳಿ

ಹೊಸ ಹೊಣೆಗಾರ: ಡೇಟಾಬೇಸ್ ಪೋಸ್ಟ್‌ಗ್ರೆಸ್ 11, ಅದರಡಿಯ ಲಿನಕ್ಸ್ ಕೂಡ ಅಷ್ಟೇ ಹಳೆಯದು. ಡೇಟಾ 600 ಜಿಬಿ, ರೆಪ್ಲಿಕಾ (ಜೊತೆಗೇ ನಡೆಯುವ ಪ್ರತಿ) ಒಂದು. ಶನಿವಾರ ರಾತ್ರಿ ನಾಲ್ಕು ಗಂಟೆ ಕಾಲ ಸರ್ವರ್ ನಿಲ್ಲಿಸಲು ಒಪ್ಪಿಗೆ ಸಿಕ್ಕಿದೆ. ಪೋಸ್ಟ್‌ಗ್ರೆಸ್, ಲಿನಕ್ಸ್ ಎರಡನ್ನೂ ಒಂದೇ ರಾತ್ರಿ ಹೊಸ ಆವೃತ್ತಿಗೆ ಏರಿಸಬಹುದೇ? ನೀವು ಏನೇನು ಸಿದ್ಧತೆ ಮಾಡಿಕೊಂಡಿರಿ?

ರಾತ್ರಿಪಾಳಿ: ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಡೇಟಾ ಮರಳಿ ತುಂಬಿ ನೋಡದೆ ಯಾವುದನ್ನೂ ಮುಟ್ಟಬೇಡಿ. ನಮಗೆ ಎರಡು ವರ್ಷ ಪ್ರತಿ ರಾತ್ರಿ ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶ ಬರುತ್ತಿತ್ತು. ಅಪ್‌ಡೇಟ್ ನಡುವೆ ಕೈಕೊಟ್ಟಾಗ ರಿಸ್ಟೋರ್ ಶುರು ಮಾಡಿದ್ದು 1.40ಕ್ಕೆ. ಡೇಟಾ ತುಂಬಲು ಮೂರೂವರೆ ಗಂಟೆ. ಡಂಪ್‌ನಲ್ಲಿ (ಡೇಟಾವನ್ನು ಆಜ್ಞೆಗಳಾಗಿ ಬರೆದಿಟ್ಟ ಬ್ಯಾಕಪ್) ಇಂಡೆಕ್ಸ್‌ಗಳನ್ನು, ಅಂದರೆ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಗಳನ್ನು ಕಟ್ಟುವ ಆಜ್ಞೆಯಷ್ಟೇ ಇರುತ್ತದೆ, ಅವನ್ನು ಕಟ್ಟಲು ಮತ್ತೆ ಆರು ಗಂಟೆ. ನಡುವೆ ಡಿಸ್ಕ್ ತುಂಬಿ ಒಮ್ಮೆ ನಿಂತಿತು. ಎಲ್ಲ ಮುಗಿಯಿತು ಎನ್ನುವಾಗ ಯಾರಿಗೂ ಲಾಗಿನ್ ಆಗುತ್ತಿಲ್ಲ! ಒಂದೇ ಡೇಟಾಬೇಸ್‌ನ ಡಂಪ್‌ನಲ್ಲಿ ಬಳಕೆದಾರರ ಖಾತೆಗಳು ಬರುವುದಿಲ್ಲ, ಅವನ್ನು ಬೇರೆಯಾಗಿ ತೆಗೆದಿಡಬೇಕಿತ್ತು. ಅಂದಿನಿಂದ ಪ್ರತಿ ತಿಂಗಳು ಬೇರೆ ಯಂತ್ರದಲ್ಲಿ ಗಡಿಯಾರ ಹಿಡಿದು ರಿಸ್ಟೋರ್ ಮಾಡುತ್ತೇನೆ.

ಮೂರನೇ ಮೇಜು: ನಮ್ಮದು ಮೈಎಸ್‌ಕ್ಯೂಎಲ್ ಎಂಬ ಬೇರೆ ಡೇಟಾಬೇಸ್, ಆವೃತ್ತಿ 5.7ರಿಂದ 8.0ಕ್ಕೆ. ಏರಿಸಿದ್ದು ಇಪ್ಪತ್ತು ನಿಮಿಷದ ಕೆಲಸ, ಪಶ್ಚಾತ್ತಾಪ ಎರಡು ವಾರದ್ದು. ‘ರ‍್ಯಾಂಕ್’ ಎಂಬ ಕಾಲಂ ನಮ್ಮ ಹನ್ನೊಂದು ಟೇಬಲ್‌ಗಳಲ್ಲಿತ್ತು. 8.0ರಲ್ಲಿ ಅದು ಡೇಟಾಬೇಸ್ ತನಗೇ ಕಾಯ್ದಿರಿಸಿದ ಪದ, ಕ್ವೆರಿಗಳೆಲ್ಲ ಬಿದ್ದವು. ಅವು ಬಿದ್ದದ್ದಾದರೂ ಕಣ್ಣಿಗೆ ಕಂಡಿತು. 5.7ರಲ್ಲಿ ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವ ಆಜ್ಞೆ) ಹಾಕಿದರೆ ಸಾಲುಗಳು ತಾವಾಗಿಯೇ ಕ್ರಮವಾಗಿ ಬರುತ್ತಿದ್ದವು, ಈಗ ಬರುವುದಿಲ್ಲ. ವರದಿಗಳ ಕ್ರಮ ತಪ್ಪಿದೆ ಎಂದು ಲೆಕ್ಕ ವಿಭಾಗದವರು ಒಂಬತ್ತನೆಯ ದಿನ ಹೇಳಿದರು. ಹಿಂದಕ್ಕೆ ಹೋಗೋಣವೆಂದರೆ 8.0ರಿಂದ 5.7ಕ್ಕೆ ಇಳಿಯುವ ದಾರಿಯೇ ಇಲ್ಲ. ಏರಿಸುವ ಮೊದಲಿನ ಬ್ಯಾಕಪ್ ಒಂದೇ ಗತಿ, ಅದನ್ನು ಹಾಕಿದರೆ ಒಂಬತ್ತು ದಿನದ ವ್ಯವಹಾರ ಹೋಗುತ್ತದೆ.

ಇಂಡೆಕ್ಸ್ ಕಾವಲು: ಕೇಳಿದ್ದು ಪೋಸ್ಟ್‌ಗ್ರೆಸ್ ಬಗ್ಗೆ. ಅಲ್ಲಿ ನನ್ನನ್ನು ಸುಟ್ಟದ್ದು ಲಿನಕ್ಸ್. ಪೋಸ್ಟ್‌ಗ್ರೆಸ್ ನೆಚ್ಚಿಕೊಂಡ ಲಿನಕ್ಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿ 2.28ರಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಯಿತು. ಮೊದಲು ‘11’ ಬಂದು ಆಮೇಲೆ ‘1-1’ ಬರುತ್ತಿತ್ತು, ಈಗ ತಿರುಗುಮುರುಗು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್ ಅನ್ನು ಹೊಸ ಕ್ರಮದಲ್ಲಿ ಹುಡುಕಿದರೆ ಇರುವ ಸಾಲೇ ಇಲ್ಲ ಎನ್ನುತ್ತದೆ. ಯೂನಿಕ್ (ಒಂದೇ ಸಂಖ್ಯೆ ಎರಡು ಸಲ ಬರಬಾರದು) ಎಂದಿದ್ದ ಕಾಲಂಗೆ 412 ನಕಲು ಗ್ರಾಹಕ ಸಂಖ್ಯೆಗಳು ಸೇರಿದವು. ಒಂದೊಂದನ್ನೂ ಕೈಯಾರೆ ಬಿಡಿಸಿದ್ದೇನೆ. ಹೊಸ ಲಿನಕ್ಸ್‌ನಲ್ಲಿ ರೆಪ್ಲಿಕಾ ಎಬ್ಬಿಸಿ ಅದಕ್ಕೆ ಬದಲಾಗುವ ಯೋಚನೆ ಇದ್ದರೂ ಇದೇ ಪಾಡು. ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಲೇಬೇಕು. ರಾತ್ರಿಪಾಳಿಯವರ ಬ್ಯಾಕಪ್ ಪ್ರವಚನ ಇಲ್ಲಿ ಕೆಲಸಕ್ಕೆ ಬಾರದು.

ರಾತ್ರಿಪಾಳಿ: ಪ್ರವಚನವೇ? ಡಂಪ್‌ನಿಂದ ತುಂಬಿದ್ದರೆ ಇಂಡೆಕ್ಸ್‌ಗಳು ಹೊಸ ಕ್ರಮದಲ್ಲೇ ಕಟ್ಟಿಕೊಳ್ಳುತ್ತಿದ್ದವು, ನಿಮ್ಮ 412 ನಕಲುಗಳು ಹುಟ್ಟುತ್ತಲೇ ಇರಲಿಲ್ಲ.

ಇಂಡೆಕ್ಸ್ ಕಾವಲು: ನಾಲ್ಕು ಗಂಟೆಯಲ್ಲಿ 600 ಜಿಬಿ ತುಂಬುತ್ತೀರಾ? ನಿಮಗೇ ಒಂಬತ್ತೂವರೆ ಗಂಟೆ ಹಿಡಿದಿದೆಯಲ್ಲ!

ಹಳೆಯ ರ‍್ಯಾಕ್: ಇಷ್ಟೆಲ್ಲ ಏಕೆ ಬೇಕು? ನನ್ನ ಸರ್ವರ್ ಏಳು ವರ್ಷದಿಂದ ಮುಟ್ಟದೆ ನಡೆಯುತ್ತಿದೆ. ನಡೆಯುತ್ತಿರುವುದನ್ನು ಕೆದಕಿದವರ ಕಥೆಗಳೇ ಮೇಲೆ ಸಾಲಾಗಿವೆ.

ಮೂರನೇ ಮೇಜು: ಏನು ಸ್ವಾಮಿ, ಪೋಸ್ಟ್‌ಗ್ರೆಸ್ 11ಕ್ಕೆ 2023ರ ನವೆಂಬರ್‌ನಲ್ಲೇ ಕೊನೆಯ ಪ್ಯಾಚ್ ಬಂತು. ಮುಟ್ಟದೆ ಬಿಟ್ಟವರ ಸರ್ವರ್‌ಗಳನ್ನು ಮುಂದಿನವರು ತಲೆಗೆ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಪ್ರಶ್ನೆ ಕೇಳಿದವರು ಅಂಥವರೇ.

ಹಳೆಯ ರ‍್ಯಾಕ್: ನಿಮ್ಮ ಎರಡು ವಾರದ ಪಶ್ಚಾತ್ತಾಪ ನನಗಿಲ್ಲ. ಅಷ್ಟೇ ಹೇಳಿದೆ.

ಹೊಸ ಹೊಣೆಗಾರ: ಎರಡನ್ನೂ ಒಂದೇ ರಾತ್ರಿ ಏರಿಸಬಹುದೇ ಎಂದು ಕೇಳಿದ್ದೆ.

ಇಂಡೆಕ್ಸ್ ಕಾವಲು: ಬೇಡ. ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಪಿಜಿ ಅಪ್‌ಗ್ರೇಡ್ (ಪೋಸ್ಟ್‌ಗ್ರೆಸ್ ಏರಿಸುವ ಸಾಧನ) ಅನ್ನು ಲಿಂಕ್ ವಿಧಾನದಲ್ಲಿ, ಅಂದರೆ ಡೇಟಾ ನಕಲು ಮಾಡದೆ ಹಳೆಯ ಕಡತಗಳನ್ನೇ ಬಳಸಿ ಮಾಡಿದರೆ ನಿಮಿಷಗಳಲ್ಲಿ ಮುಗಿಯುತ್ತದೆ, ಆದರೆ ಹೊಸದನ್ನು ಒಮ್ಮೆ ಚಾಲೂ ಮಾಡಿದ ಮೇಲೆ ಹಳೆಯದಕ್ಕೆ ಮರಳುವಂತಿಲ್ಲ. ಮುಗಿದ ಕೂಡಲೇ ಡೇಟಾದ ಅಂಕಿಅಂಶ ಮತ್ತೆ ಕಲೆಹಾಕುವ ಅನಲೈಸ್ ಆಜ್ಞೆ ಓಡಿಸಿ.

ರಾತ್ರಿಪಾಳಿ: ಮರಳುವಂತಿಲ್ಲ ಎಂದಮೇಲೆ ಕೈಯಲ್ಲಿ ಏನಿರಬೇಕು? ಬ್ಯಾಕಪ್. ಅದನ್ನೇ ಮೊದಲು ಹೇಳಿದ್ದು.

ಹೊಸ ಹೊಣೆಗಾರ: ಶನಿವಾರದ ಕೆಲಸ ಮುಂದಕ್ಕೆ ಹಾಕಿದೆ. ಇಂದು ರಾತ್ರಿ ಖಾಲಿ ಯಂತ್ರವೊಂದರಲ್ಲಿ ರಿಸ್ಟೋರ್ ಶುರು ಮಾಡಿದ್ದೇನೆ. ಎರಡು ಗಂಟೆಯಾಯಿತು, ಇನ್ನೂ ಮೂರನೇ ಟೇಬಲ್‌ನಲ್ಲೇ ಇದೆ.