ಅಲ್ಯೂಮಿನಿಯಂ ದೋಣಿಯ ಟ್ರಾನ್ಸಮ್ ಮೆತ್ತಗಾಗಿದೆ, ನೀವು ಹೇಗೆ ಸರಿಮಾಡಿದಿರಿ?

ಪ್ರಶ್ನೆ: 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ, ರಿವೆಟ್ ಹೊಡೆದದ್ದು. ಹಿಂದೆ ಹೊರಗಡೆ ತೂಗುಹಾಕುವ ಸಣ್ಣ ಔಟ್‌ಬೋರ್ಡ್ ಮೋಟಾರ್ ಇದೆ. ವೇಗ ಕೊಟ್ಟ ಕೂಡಲೇ ಮೋಟಾರ್ ಕೂತಿರುವ ಹಿಂಬದಿ ಹಲಗೆ, ಅಂದರೆ ಟ್ರಾನ್ಸಮ್, ಅಲುಗಾಡುತ್ತದೆ. ಹೊರಗಿನಿಂದ ಒಂದು ಅಲ್ಯೂಮಿನಿಯಂ ಪ್ಲೇಟ್ ಇಟ್ಟು ಬೋಲ್ಟ್ ಬಿಗಿದರೆ ಸಾಕಾ? ಇಲ್ಲ ಒಳಗಿನ ಮರ ಪೂರ್ತಿ ಬದಲಿಸಬೇಕಾ? ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ಬರೀ ಪ್ಲೇಟ್ ಹಾಕಿ ಕೈತೊಳೆದುಕೊಳ್ಳಬೇಡಿ. ಒಳಗೆ ಮರ ಕೊಳೆತಿದ್ದರೆ ಬೋಲ್ಟ್‌ಗೆ ಹಿಡಿತವೇ ಇರುವುದಿಲ್ಲ. ಬಿಗಿದಷ್ಟೂ ಮರ ಹಿಂಡಿಹೋಗುತ್ತದೆ, ಮತ್ತೆ ಸಡಿಲ. ಮೋಟಾರಿನ ಭಾರ, ತಳ್ಳುವ ಬಲ ಎರಡೂ ಬೀಳುವುದು ಆ ಮರದ ಮೇಲೆಯೇ. ತಗಡು ಒಂದೇ ಅದನ್ನು ತಡೆಯಲಾರದು.

ಮೊದಲು ಎಷ್ಟು ಕೆಟ್ಟಿದೆ ನೋಡಿ. ಸುತ್ತಿಗೆಯ ಹಿಡಿಯಿಂದ ಒಳಬದಿಯನ್ನು ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಒಂದು ಹಳೇ ಬೋಲ್ಟ್ ತೆಗೆದು ಆ ತೂತಿನೊಳಗೆ ಸ್ಕ್ರೂಡ್ರೈವರ್ ತುದಿ ಆಡಿಸಿ. ಕಪ್ಪಗೆ, ಒದ್ದೆ ಪುಡಿ ಬಂದರೆ ಯೋಚನೆ ಮಾಡುವುದೇ ಬೇಡ, ಬದಲಿಸಿ.

ಬಿಚ್ಚುವ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಮೋಟಾರ್, ಮೇಲಿನ ಪಟ್ಟಿ, ಮೂಲೆಯ ಬ್ರಾಕೆಟ್, ನೀರು ಬಸಿಯುವ ಕೊಳವೆ ಎಲ್ಲವೂ ಹೊರಗೆ ಬರಬೇಕು. ರಿವೆಟ್‌ನ ತಲೆಯನ್ನಷ್ಟೇ ಡ್ರಿಲ್ ಮಾಡಿ, ಉಳಿದದ್ದನ್ನು ಪಂಚ್‌ನಿಂದ ಹೊಡೆದು ತೆಗೆಯಿರಿ. ಪೂರ್ತಿ ಕೊರೆದರೆ ತಗಡಿನ ತೂತು ದೊಡ್ಡದಾಗುತ್ತದೆ. ಹಳೇ ಮರ ಪುಡಿಪುಡಿಯಾಗಿದ್ದರೂ ಎಸೆಯಬೇಡಿ, ಹೊಸದನ್ನು ಕತ್ತರಿಸುವುದಕ್ಕೆ ಅದೇ ಅಳತೆ.

ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಇಂಚು ದಪ್ಪ ಇರುತ್ತದೆ. ಆದರೂ ನಿಮ್ಮದನ್ನು ಅಳೆದು ನೋಡಿ. ಮುಕ್ಕಾಲು ಇಂಚಿನ ಎರಡು ಮೆರೈನ್ (ದೋಣಿ ಕೆಲಸದ) ಪ್ಲೈವುಡ್ ಹಾಳೆಗಳನ್ನು ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಕಲ್ಲಿನಂತಾಗುವ ಅಂಟು) ಹಚ್ಚಿ ಅಂಟಿಸಿದರೆ ಆ ದಪ್ಪ ಬರುತ್ತದೆ. ಕ್ಲಾಂಪ್ ಹಾಕಿ, ಆದರೆ ಎಪಾಕ್ಸಿ ಪೂರ್ತಿ ಹಿಂಡಿ ಹೊರಬರುವಷ್ಟು ಬಿಗಿಯಬೇಡಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಟ್ರಾನ್ಸಮ್ ಕೊಳೆಯುವುದು ಹಲಗೆಯ ನಡುವಿನಿಂದ ಅಲ್ಲ, ತೂತುಗಳಿಂದ ಮತ್ತು ಅಂಚುಗಳಿಂದ. ಜನ ಹಲಗೆಯ ಎರಡೂ ಮುಖಕ್ಕೆ ಚೆನ್ನಾಗಿ ಎಪಾಕ್ಸಿ ಬಳಿಯುತ್ತಾರೆ. ಆಮೇಲೆ ಅದನ್ನು ಕೂರಿಸಿ, ಬೋಲ್ಟ್‌ಗೆ ಹೊಸ ತೂತು ಕೊರೆದು, ತೂತಿನೊಳಗಿನ ಬರಿ ಮರವನ್ನು ಹಾಗೇ ಬಿಟ್ಟುಬಿಡುತ್ತಾರೆ. ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ನಾನು ಮಾಡುವುದು ಹೀಗೆ. ಹಲಗೆಯನ್ನು ಏನೂ ಅಂಟು ಹಚ್ಚದೆ ಒಮ್ಮೆ ಕೂರಿಸಿ ನೋಡಿ, ತೂತುಗಳ ಜಾಗ ಗುರುತು ಮಾಡಿ ಹೊರಗೆ ತೆಗೆಯುತ್ತೇನೆ. ಪ್ರತಿ ತೂತನ್ನೂ ಬೋಲ್ಟ್‌ಗಿಂತ ದೊಡ್ಡದಾಗಿ ಕೊರೆದು, ಒಂದು ಬದಿಗೆ ಟೇಪ್ ಅಂಟಿಸಿ, ಮಂದ ಮಾಡಿದ ಎಪಾಕ್ಸಿ ತುಂಬುತ್ತೇನೆ. ಅದು ಕಲ್ಲಾದ ಮೇಲೆ ಸರಿಯಾಗಿ ನಡುವೆ ಬೋಲ್ಟ್ ಅಳತೆಯ ತೂತು. ಆಗ ಬೋಲ್ಟ್‌ನ ಸುತ್ತ ಇರುವುದು ಎಪಾಕ್ಸಿಯ ಗೋಡೆ, ಮರ ಅಲ್ಲ. ಬೋಲ್ಟ್ ಬಿಗಿದಾಗ ಮರ ಹಿಂಡಿಹೋಗುವುದೂ ತಪ್ಪುತ್ತದೆ. ಅಂಚುಗಳು ಎಪಾಕ್ಸಿಯನ್ನು ಜಾಸ್ತಿ ಕುಡಿಯುತ್ತವೆ, ಹೊಳಪು ಹಾಗೇ ಉಳಿಯುವವರೆಗೆ ಬಳಿಯುತ್ತಲೇ ಇರಿ. ಕೆಳಗಿನ ಅಂಚಿಗೆ ಇನ್ನೂ ಒಂದು ಕೈ ಹೆಚ್ಚು, ಯಾಕೆಂದರೆ ನೀರು ನಿಲ್ಲುವುದು ಅಲ್ಲೇ.

ಇನ್ನೊಬ್ಬರು: ತೂತಿನ ವಿಷಯ ನೂರಕ್ಕೆ ನೂರು ನಿಜ. ಒಂದು ಮಾತು ಸೇರಿಸುತ್ತೇನೆ. ಕೊಳೆಯಬಾರದು ಅಂತ ಔಷಧಿ ಕುಡಿಸಿದ ಪ್ಲೈವುಡ್ ಸಿಗುತ್ತದಲ್ವಾ, ಅದನ್ನು ಮಾತ್ರ ಹಾಕಬೇಡಿ. ಅದರಲ್ಲಿ ಹೆಚ್ಚಾಗಿ ತಾಮ್ರ ಇರುತ್ತದೆ. ತಾಮ್ರ, ತೇವ, ಅಲ್ಯೂಮಿನಿಯಂ ಮೂರೂ ಸೇರಿದರೆ ತಗಡನ್ನೇ ತಿಂದುಹಾಕುತ್ತದೆ. ಹಿತ್ತಾಳೆಯ ಬಸಿ ಕೊಳವೆಯೂ ಅದೇ ಕಾರಣಕ್ಕೆ ಬೇಡ. ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದು, 316 ದರ್ಜೆಯದು ಒಳ್ಳೆಯದು. ಆದರೆ ಅದು ಬರಿ ಅಲ್ಯೂಮಿನಿಯಂಗೆ ತಾಗದಂತೆ ಸುತ್ತ ಸೀಲಂಟ್ (ಸಂದು ಮುಚ್ಚುವ ಅಂಟು) ಇರಲಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮೇಲಿನ ಪಟ್ಟಿ ತೆಗೆದು ನೋಡಿದೆ, ಮರ ಕೈಯಲ್ಲೇ ಕಿತ್ತು ಬಂತು. ತಗಡಿನ ಒಳಬದಿ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ. ಮೋಟಾರಿನ ಕ್ಲಾಂಪ್ ಕೂರುವ ಜಾಗದ ಹತ್ತಿರ ಒಂದು ಬಿರುಕೂ ಇದೆ. ಯಾವ ಸೀಲಂಟ್ ಹಾಕಲಿ?

ಮತ್ತೊಬ್ಬರು: ಬಿಳಿ ಪುಡಿ ಅಂದರೆ ಅಲ್ಯೂಮಿನಿಯಂನ ತುಕ್ಕು. ನೈಲಾನ್ ಅಥವಾ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ. ಮಾಮೂಲಿ ಕಬ್ಬಿಣದ ಬ್ರಷ್ ಬೇಡ, ಅದರ ಚೂರು ತಗಡಿನಲ್ಲಿ ಕೂತು ಮತ್ತೆ ತಿನ್ನಲು ಶುರುಮಾಡುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯಿರಿ, ಮುಂದೆ ಓಡುವುದಿಲ್ಲ. ಆಮೇಲೆ ಮೇಲೊಂದು 5052 ದರ್ಜೆಯ ಅಲ್ಯೂಮಿನಿಯಂ ತುಂಡು ಇಟ್ಟು ರಿವೆಟ್ ಹೊಡೆಯಿರಿ. ನೀವು ಮೊದಲು ಹೇಳಿದ ಪ್ಲೇಟ್ ಈಗ ಕೆಲಸಕ್ಕೆ ಬರುತ್ತದೆ, ಹೊಸ ಮರದ ಜೊತೆಗೆ. ವೆಲ್ಡಿಂಗ್ ಮಾಡಿಸುವುದಾದರೆ ಹತ್ತಿರದಲ್ಲಿ ದೋಣಿ ತೇಲಲೆಂದು ತುಂಬಿದ ಫೋಮ್ ಪೂರ್ತಿ ತೆಗೆಸಿ. ಅದು ಸುಟ್ಟರೆ ಬರುವ ಹೊಗೆ ವಿಷ, ಈ ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಸೀಲಂಟ್‌ಗೆ ನೀರಿನ ಮಟ್ಟದ ಕೆಳಗೂ ನಿಲ್ಲುವ ಮೆರೈನ್ ಪಾಲಿಯುರೆಥೇನ್ ಆಗುತ್ತದೆ. ಅದರಲ್ಲಿ 3ಎಂ 5200 ಶಾಶ್ವತ ಅಂಟು, ಮುಂದೆ ಬಿಚ್ಚುವುದು ಬಹಳ ಕಷ್ಟ. ಬೋಲ್ಟ್‌ಗೆ ಅದೇ ಕಂಪನಿಯ 4200 ಸಾಕು. ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಬೇಡ, ಅದರ ಆಮ್ಲ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ.

ಉತ್ತರ (ಮೊದಲು ಬರೆದವರು): ಕೊಳೆಯದ ಹಲಗೆಯೇ ಬೇಕು ಅಂದರೆ ಕೂಸಾ ಬೋರ್ಡ್ ಇದೆ, ಫೈಬರ್‌ಗ್ಲಾಸ್ ಸೇರಿಸಿದ ಫೋಮ್ ಹಲಗೆ. ಹಗುರ, ಬೆಲೆ ಜಾಸ್ತಿ. ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ ಹಲಗೆಯನ್ನು ಕೆಲವರು ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಅದಕ್ಕೆ ಅಂಟು ಹಿಡಿಯುವುದಿಲ್ಲ, ಬಿಗಿದ ಬೋಲ್ಟ್ ಕೆಳಗೆ ನಿಧಾನಕ್ಕೆ ಕುಗ್ಗುತ್ತದೆ.

ಎಲ್ಲಾ ಕೂರಿಸಿದ ಮೇಲೆ ಮೊದಲ ಸಲ ನೀರಿಗಿಳಿಸಿ ಬಂದ ಕೂಡಲೇ ಕ್ಲಾಂಪ್ ಮತ್ತು ಬೋಲ್ಟ್‌ಗಳ ಬಿಗಿ ನೋಡಿ. ಮುಂದೆ ಫಿಶ್ ಫೈಂಡರ್‌ನ (ಮೀನು ಎಲ್ಲಿದೆ ತೋರಿಸುವ ಉಪಕರಣ) ಸೆನ್ಸರ್ ಕೂರಿಸುವ ಆಸೆ ಇದ್ದರೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡನ್ನು ಈಗಲೇ ಹೊರಗೆ ಅಂಟಿಸಿಡಿ. ಅದರ ಸ್ಕ್ರೂ ಆ ತುಂಡಿಗೆ ಹೋಗಲಿ, ಟ್ರಾನ್ಸಮ್‌ಗೆ ಬೇಡ.